ಅಬ್ರಹಾಂ ಲಿಂಕನ್ನನ ವಂಶನಿರ್ಣಯ

ಅಮೆರಿಕದ ಅಧ್ಯಕ್ಷನಾಗಿದ್ದ ಅಬ್ರಹಾಂ ಲಿಂಕನ್ನನಿಗೆ (೧೮೦೯-೧೮೬೫) ಪಿತಾಮಹನಿಂದ ಹಿಂದಣ ಪೂರ್ವಿಕರ ವಿಷಯವು ಸ್ಪಷ್ಟವಾಗಿ ತಿಳಿದಿರಲಿಲ್ಲ. ಅವರು ಪೆನ್ಸಿಲ್ವೇನಿಯದಿಂದ ವರ್ಜೀನಿಯಕ್ಕೆ ಬಂದವರೆಂಬ ಐತಿಹ್ಯವಷ್ಟೇ ಮನೆತನದಲ್ಲಿ ಉಳಿದಿತ್ತು. ಮಸಾಚುಸೆಟ್ಸಿನ ಲಿಂಕನ್ ಮನೆತನದಲ್ಲಿಯೂ ಮೊರ್ದೆಕಾಯ್, ಅಬ್ರಹಾಂ ಮೊದಲಾದ ಹೆಸರುಗಳಿದ್ದವು. ಆದರೆ ಈ ನಾಮಸಾಮ್ಯವನ್ನು ಮೀರಿದ ಆಧಾರವು ದೊರೆಯಲಿಲ್ಲವೆಂದು ಅವನೇ ೧೮೫೯ರಲ್ಲಿ ಬರೆದಿರುವನು. ನಾಮಸಾಮ್ಯವು ಊಹೆಯನ್ನು ಹುಟ್ಟಿಸಬಲ್ಲುದೇ ಹೊರತು ಸಂಬಂಧವನ್ನು ಸಾಧಿಸಲಾರದು.

ಸಂಬಂಧವನ್ನು ಸಾಧಿಸಿಕೊಟ್ಟವು ಭೂಮಿಯ ಕ್ರಯಪತ್ರಗಳು ಮತ್ತು ಮರಣಶಾಸನಗಳು. ವಲಸೆಹೋದವನು ಹಿಂದಣ ಪ್ರಾಂತದಲ್ಲಿದ್ದ ಪಿತ್ರಾರ್ಜಿತ ಭೂಮಿಯನ್ನು ಮಾರುವಾಗ ತಾನು ಯಾರ ಮಗನೆಂಬುದನ್ನೂ ಪತ್ರದಲ್ಲಿ ಕಾಣಿಸಬೇಕಾಗುತ್ತಿತ್ತು. ಇಂತಹ ಲೇಖಗಳನ್ನು ಜೋಡಿಸಲಾಗಿ, ೧೬೩೭ರಲ್ಲಿ ಇಂಗ್ಲೆಂಡಿನಿಂದ ಮಸಾಚುಸೆಟ್ಸಿಗೆ ಬಂದ ಸ್ಯಾಮ್ಯುಯೆಲನಿಂದ ಎಣಿಸಿದರೆ ಅಧ್ಯಕ್ಷನು ಏಳನೆಯ ತಲೆಯವನೆಂದು ನಿರ್ಣಯವಾಯಿತು.

ತಂದೆತಾಯಿಗಳ ವಿವಾಹದ ವಿಷಯವು ಇದಕ್ಕಿಂತ ಗುರುತರವಾದುದು. ಅವರು ನೆಲಸಿದ್ದ ಕೆಂಟಕಿಯ ಹಾರ್ಡಿನ್ ಜಿಲ್ಲೆಯ ಕಡತಗಳಲ್ಲಿ ವಿವಾಹದ ಲೇಖವು ಸಿಕ್ಕದಿರಲು, ಧರ್ಮವಿವಾಹವೇ ನಡೆದಿಲ್ಲವೆಂಬ ಅಪವಾದವು ಹಬ್ಬಿತು. ವಿವಾಹವು ೧೮೦೬ನೆಯ ಜೂನ್ ೧೨ರಂದು ವಧುವಿದ್ದ ವಾಷಿಂಗ್ಟನ್ ಜಿಲ್ಲೆಯಲ್ಲಿ ನಡೆದಿತ್ತು. ಲೇಖವೂ ಅಲ್ಲಿಯೇ ಇದ್ದಿತು. ಮಗನ ಮರಣಾನಂತರವೇ ಅದು ಬೆಳಕಿಗೆ ಬಂದು ತಾಯಿಯ ಮೇಲಣ ಕಳಂಕವನ್ನು ಕಳೆಯಿತು.

ಇರತಕ್ಕ ಸ್ಥಳದಲ್ಲಿ ಹುಡುಕಿಯೂ ಕಾಣದಿದ್ದರೆ ಮಾತ್ರ ವಸ್ತುವಿಲ್ಲವೆನ್ನಬಹುದೆಂದು ನಮ್ಮ ಶಾಸ್ತ್ರಕಾರರ ಮತ. ಇದನ್ನೇ ಅವರು ಯೋಗ್ಯಾನುಪಲಬ್ಧಿಯೆನ್ನುವರು. ವಂಶವನ್ನು ಶೋಧಿಸುವವನು ಪೂರ್ವಿಕರು ಬಾಳಿದ ಸ್ಥಳವನ್ನಲ್ಲದೆ ಆಯಾ ಕಾರ್ಯವು ನಡೆದ ಸ್ಥಳವನ್ನೂ ವಿಚಾರಿಸಬೇಕು. ಅಲ್ಲಿಯವರೆಗೆ ಇಲ್ಲವೆಂದು ನುಡಿಯಲಾಗದು.