ಮಾತ್ರೆ ನುಂಗಿಸಿದ ಆಟ

ರಕ್ತದ ಕ್ಯಾನ್ಸರ್‌ಗೆ ತುತ್ತಾದ ಮಕ್ಕಳ ಚಿಕಿತ್ಸೆ ಆಸ್ಪತ್ರೆಯಿಂದ ಮನೆಗೆ ಮರಳಿದೊಡನೆ ಮುಗಿಯುವುದಿಲ್ಲ. ಲ್ಯುಕೇಮಿಯಾದ ಸಾಮಾನ್ಯ ಬಗೆಯೊಂದರಲ್ಲಿ ಎರಡು–ಮೂರು ವರ್ಷ ಔಷಧಿ ಬೇಕು. ಅದರಲ್ಲಿ ಬಹುಪಾಲು ಮನೆಯಲ್ಲೇ ನುಂಗುವ ಮಾತ್ರೆ. ಜ್ವರವಿಲ್ಲ, ಉದುರಿದ ಕೂದಲೂ ಮತ್ತೆ ಬೆಳೆದಿದೆ. ಇನ್ನೇಕೆ ಮಾತ್ರೆ? ಹದಿಹರೆಯದವರಿಗೆ ಹೀಗೆನ್ನಿಸುವುದು ಸಹಜ. ಆದರೆ ಮಾತ್ರೆ ತಪ್ಪಿದಷ್ಟೂ ರೋಗ ಮರುಕಳಿಸುವ ಅಪಾಯ ಹೆಚ್ಚು.

ತಾಯಿ–ತಂದೆಯ ಗದರಿಕೆಯಿಂದ, ವೈದ್ಯರ ಬುದ್ಧಿಮಾತಿನಿಂದ ಆಗದ ಕೆಲಸ ಆಟದಿಂದ ಆದೀತೇ? ಆದೀತು ಎಂಬ ನಂಬಿಕೆಯಿಂದ ಅಮೆರಿಕದ ಹೋಪ್‌ಲ್ಯಾಬ್ ಸಂಸ್ಥೆ 2006ರಲ್ಲಿ ‘ರೀ–ಮಿಷನ್’ ಎಂಬ ಕಂಪ್ಯೂಟರ್ ಆಟವನ್ನು ಹೊರತಂದಿತು. ಇದರ ನಾಯಕಿ ರಾಕ್ಸಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಬಾಟ್. ರೋಗಿಯ ದೇಹದೊಳಗೆ ಹಾರಾಡುತ್ತ ಕ್ಯಾನ್ಸರ್ ಕೋಶಗಳತ್ತ ಔಷಧಿಯ ಗುಂಡು ಹಾರಿಸುತ್ತಾಳೆ. ರೋಗಿ ಔಷಧಿ ತಪ್ಪಿಸಿದನೋ, ಅವಳ ಬಂದೂಕಿನ ಗುಂಡು ನಡುನಡುವೆ ಹುಸಿಯಾಗುತ್ತದೆ!

ಈ ಆಟವನ್ನು ಪರೀಕ್ಷೆಗೂ ಒಡ್ಡಲಾಯಿತು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳ 34 ಚಿಕಿತ್ಸಾ ಕೇಂದ್ರಗಳಲ್ಲಿ 13ರಿಂದ 29 ವರ್ಷದ 375 ರೋಗಿಗಳು ಪಾಲ್ಗೊಂಡರು. ಕೆಲವರಿಗೆ ಮಾಮೂಲಿ ವಿಡಿಯೊ ಆಟ ಮಾತ್ರ. ಉಳಿದವರಿಗೆ ಅದರೊಂದಿಗೆ ರೀ–ಮಿಷನ್. ಬಾಯಿಮಾತನ್ನಷ್ಟೇ ನಂಬದೆ, ಮಾತ್ರೆಯ ಸೀಸೆ ತೆರೆದದ್ದನ್ನು ಎಲೆಕ್ಟ್ರಾನಿಕ್ ಉಪಕರಣದಿಂದ ದಾಖಲಿಸಲಾಯಿತು, ರಕ್ತಪರೀಕ್ಷೆಯೂ ನಡೆಯಿತು. ಫಲಿತಾಂಶ ಪ್ರಕಟವಾದದ್ದು 2008ರಲ್ಲಿ. ರೀ–ಮಿಷನ್ ಪಡೆದವರು ಸೋಂಕು ತಡೆಯುವ ಮಾತ್ರೆಗಳನ್ನು ಹೆಚ್ಚು ಕ್ರಮವಾಗಿ ನುಂಗಿದ್ದರು. ಲ್ಯುಕೇಮಿಯಾ ರೋಗಿಗಳ ರಕ್ತದಲ್ಲೂ ಔಷಧಿಯ ಅಂಶ ಹೆಚ್ಚಿತ್ತು. ರೋಗದ ಅರಿವೂ ಬೆಳೆದಿತ್ತು. ಆದರೆ ಮನಸ್ಸಿನ ಒತ್ತಡ ಮಾತ್ರ ಇಳಿಯಲಿಲ್ಲ. ಆಟಕ್ಕೂ ಮಿತಿಯುಂಟು.

ಮಾತ್ರೆಯ ಕಥೆ ಹೀಗಾದರೆ, ನೋವಿನದು ಇನ್ನೊಂದು ಬಗೆ. ನೋವನ್ನು ಅನುಭವಿಸುವ ಮಗುವೇ ಹೇಳಬೇಕು. ಮೊನ್ನೆ ಎಷ್ಟು ನೋವಿತ್ತೆಂದು ಕೇಳಿದರೆ ದೊಡ್ಡವರಿಗೂ ಸರಿಯಾಗಿ ನೆನಪಾಗದು. ಟೊರಾಂಟೋದ ಸಿಕ್‌ಕಿಡ್ಸ್ ಆಸ್ಪತ್ರೆಯ ಜೆನಿಫರ್ ಸ್ಟಿನ್ಸನ್ ಮತ್ತು ಸಂಗಡಿಗರು ಇದಕ್ಕಾಗಿ ‘ಪೇನ್ ಸ್ಕ್ವಾಡ್’ ಎಂಬ ಮೊಬೈಲ್ ಆ್ಯಪ್ ರೂಪಿಸಿದರು. ಇದರಲ್ಲಿ ಕ್ಯಾನ್ಸರ್ ಪೀಡಿತ ಮಗು ಪೊಲೀಸ್ ಪಡೆಯ ಸದಸ್ಯ; ನೋವನ್ನು ಪತ್ತೆಹಚ್ಚುವುದೇ ಡ್ಯೂಟಿ. ದಿನಕ್ಕೆರಡು ಬಾರಿ ವರದಿ ಒಪ್ಪಿಸಿದರೆ ಬಡ್ತಿ ಸಿಗುತ್ತದೆ. ಕೆನಡಾದ ಟಿವಿ ಧಾರಾವಾಹಿಗಳ ಪೊಲೀಸ್ ಪಾತ್ರಧಾರಿಗಳು ತೆರೆಯ ಮೇಲೆ ಬಂದು ಬೆನ್ನು ತಟ್ಟುತ್ತಾರೆ. ಆ ವರದಿಯಿಂದ ನೋವು ಎಲ್ಲಿ, ಎಷ್ಟು, ಯಾವ ಹೊತ್ತಿನಲ್ಲಿ ಎಂಬುದು ವೈದ್ಯರಿಗೆ ತಿಳಿಯುತ್ತದೆ.

ಮಗು ಹೆದರೀತೆಂದು ಹಿರಿಯರು ರೋಗದ ಹೆಸರನ್ನೇ ಮುಚ್ಚಿಡುವುದುಂಟು. ಆದರೆ ಮಾತ್ರೆ ನುಂಗಬೇಕಾದ್ದು, ನೋವು ಹೇಳಬೇಕಾದ್ದು ಆ ಮಗುವೇ. ಏಕೆಂದು ತಿಳಿಸಿ ಹೇಳಿದರೆ ಅದೂ ಚಿಕಿತ್ಸೆಗೆ ಕೈಜೋಡಿಸೀತು.