ರೋಗಿಯ ಬಿಸಿಪಾನೀಯ: ಕ್ವಾಥವೋ, ಕಾಯಿಸಿದ ನೀರೋ?

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯಲ್ಲಿ ನೆಗಡಿ-ಜ್ವರಗಳು ತಲೆದೋರಿದೊಡನೆ ಒಲೆಯ ಮೇಲೆ ಕಷಾಯದ ಪಾತ್ರೆಯನ್ನಿಡುವುದು ಹಿಂದಿನಿಂದ ಬಂದ ವಾಡಿಕೆ. ಒಣಶುಂಠಿ, ಕರಿಮೆಣಸು, ಜೀರಿಗೆ, ಈ ಭಾಗದವರು ಹವೀಜವೆನ್ನುವ ಕೊತ್ತಂಬರಿ ಬೀಜ ಇವನ್ನು ಕುಟ್ಟಿ, ನೀರಿನಲ್ಲಿ ಕುದಿಸಿ, ಬೆಲ್ಲ ಬೆರೆಸಿ, ಸೋಸಿ ಬಿಸಿಯಾಗಿಯೇ ಕುಡಿಸುತ್ತಿದ್ದರು. ಘಟಪ್ರಭೆಯ ದಂಡೆಯ ಕಬ್ಬಿನ ನಾಡಿನಲ್ಲಿ ಬೆಲ್ಲಕ್ಕೆ ಕೊರತೆಯಿಲ್ಲ. ಮೆಣಸು ಮಾತ್ರ ಘಟ್ಟದ ಕಡೆಯಿಂದ ಬರತಕ್ಕದ್ದು. ಹಿರಿಯರು ಮಸಾಲೆಯನ್ನು ಚಿಟಿಕೆಯಲ್ಲಿ ಅಳೆದುದು ಇದೊಂದೇ ಕಾರಣದಿಂದ ಎಂದು ಯಾರಿಗಾದರೂ ತೋರೀತು. ಆದರೆ ಆ ಚಿಟಿಕೆಗೆ ಶಾಸ್ತ್ರದ ಆಧಾರವೂ ಉಂಟು.

'ಕಷಾಯ'ವೆಂಬ ಮಾತೇ ಇಲ್ಲಿ ಗೊಂದಲಕ್ಕೆ ಎಡೆಮಾಡಿದೆ. ಶಾರ್ಙ್ಗಧರಸಂಹಿತೆಯು ಎರಡು ಪಾಕಗಳನ್ನು ಬೇರೆಬೇರೆಯಾಗಿ ಹೇಳುತ್ತದೆ. ಒಂದು ಪಲ ದ್ರವ್ಯಕ್ಕೆ 16 ಪಟ್ಟು ನೀರು ಹಾಕಿ ಎಂಟನೆಯ ಒಂದು ಭಾಗ ಉಳಿಯುವಂತೆ ಕುದಿಸಿದರೆ ಅದು ಕ್ವಾಥ. ಅದೇ ಒಂದು ಪಲಕ್ಕೆ 64 ಪಲ ನೀರು ಹಾಕಿ ಅರ್ಧಕ್ಕೆ ಇಳಿಸಿದರೆ ಅದು ಪಾನೀಯ. ಮೊದಲನೆಯದರಲ್ಲಿ 2 ಪಲ ರಸ ಉಳಿಯುತ್ತದೆ, ಎರಡನೆಯದರಲ್ಲಿ 32 ಪಲ. ಎಂದರೆ ಪಾನೀಯವು ಕ್ವಾಥಕ್ಕಿಂತ 16 ಪಟ್ಟು ತೆಳುವಾದುದು. ಒಂದು ವೈದ್ಯನು ಅಳೆದು ಕೊಡುವ ಔಷಧ. ಇನ್ನೊಂದು ಬಾಯಾರಿದ ರೋಗಿಯು ಮತ್ತೆ ಮತ್ತೆ ಕುಡಿಯತಕ್ಕ ನೀರು. ಅಡಿಗೆಮನೆಯಲ್ಲಿ ಕಷಾಯವೆನಿಸಿಕೊಂಡದ್ದು ವಾಸ್ತವವಾಗಿ ಈ ಎರಡನೆಯದಕ್ಕೆ ಹತ್ತಿರದ್ದು.

ಕಾಲದ ವಿಚಾರದಲ್ಲಿಯೂ ಚರಕಸಂಹಿತೆ ಎಚ್ಚರ ವಹಿಸಿದೆ. ಹೊಸ ಜ್ವರಕ್ಕೆ ಅದು ವಿಧಿಸುವುದು ಲಂಘನ, ಸ್ವೇದನ ಮತ್ತು ಯವಾಗು, ಅಂದರೆ ನಮ್ಮ ಗಂಜಿ. ಆರು ದಿನ ಕಳೆದು, ಲಘುವಾದ ಅನ್ನವನ್ನುಂಡ ರೋಗಿಗೆ ಆಮೇಲೆ ಕಷಾಯ. ಯವಾಗುವಿನಲ್ಲಿಯೇ 28 ಬಗೆಗಳನ್ನು ಆ ಗ್ರಂಥ ಎಣಿಸಿರುವುದನ್ನು ನೋಡಿದರೆ ಪಥ್ಯಕ್ಕೆ ಎಂತಹ ಸ್ಥಾನವಿದ್ದಿತೆಂಬುದು ತಿಳಿಯುತ್ತದೆ. ಕನ್ನಡದಲ್ಲಿ ಎರಡನೆಯ ಚಾವುಂಡರಾಯನ 'ಲೋಕೋಪಕಾರ' (ಸುಮಾರು 1025) ಸೂಪಶಾಸ್ತ್ರವನ್ನೂ ವೈದ್ಯವನ್ನೂ ಒಂದೇ ಕಟ್ಟಿನಲ್ಲಿ ಇರಿಸಿದೆ; ಸಾಹಿತ್ಯದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಈ ಪಾನೀಯದಿಂದ ಆಗುವ ಉಪಕಾರವನ್ನು ಉತ್ಪ್ರೇಕ್ಷಿಸುವುದು ಸಲ್ಲದು. ಕುದಿದ ನೀರು ನಿರ್ಮಲ. ಬಿಸಿಯಿಂದ ಗಂಟಲಿಗೆ ಹಿತ. ಬೆವರಿನಲ್ಲಿ ಹೋದ ನೀರು ಮರಳಿ ದೇಹಕ್ಕೆ ಸೇರುತ್ತದೆ. ಬೆಲ್ಲದಿಂದ ತುಸು ಶಕ್ತಿ. ವಿಷಮಶೀತಜ್ವರವಾಗಲಿ ಮಲೇರಿಯವಾಗಲಿ ಇದರಿಂದ ಇಳಿಯುವುದಿಲ್ಲ. ಅದಕ್ಕೆ ವೈದ್ಯರೇ ಬೇಕು.

2020ರಲ್ಲಿ ಕೊರೋನಾ ಹರಡಿದಾಗ ಆಯುಷ್ ಮಂತ್ರಾಲಯವು ತುಳಸಿ, ದಾಲ್ಚಿನ್ನಿ, ಕರಿಮೆಣಸು, ಒಣಶುಂಠಿ, ಒಣದ್ರಾಕ್ಷಿಗಳ ಕಷಾಯವನ್ನು ದಿನಕ್ಕೆ ಒಂದೆರಡು ಬಾರಿ ಕುಡಿಯಬಹುದೆಂದು ಸೂಚಿಸಿತು. ಎಷ್ಟೋ ಮನೆಗಳಲ್ಲಿ ಪದಾರ್ಥಗಳ ಹೆಸರು ನೆನಪಿನಲ್ಲಿ ಉಳಿಯಿತು, ಅಳತೆ ಉಳಿಯಲಿಲ್ಲ. ಹಿಡಿ ಮೆಣಸು ಹಾಕಿ ಬತ್ತಿಸಿ ಹೊತ್ತುಹೊತ್ತಿಗೆ ಕುಡಿದವರಿಗೆ ಎದೆಯುರಿ, ಹೊಟ್ಟೆಯುರಿಗಳು ಉಂಟಾದವು. ಅವರು ಕುಡಿದದ್ದು ಅಜ್ಜಿಯರ ಪಾನೀಯವಲ್ಲ, ವೈದ್ಯನಿಲ್ಲದ ಕ್ವಾಥ.