ಹುಂಜ ಚುಕ್ಕಿ ಹೆಕ್ಕುವ ಊರು

ಸೇಂ-ವೆರಾನಿನ ಹುಂಜಗಳು ಕಾಳು ಹೆಕ್ಕುವುದಿಲ್ಲ, ಚುಕ್ಕಿ ಹೆಕ್ಕುತ್ತವೆ ಎಂಬ ಮಾತು ಫ್ರಾನ್ಸಿನ ಆಲ್ಪ್ಸ್ ಸೀಮೆಯಲ್ಲಿದೆ. ಊರು ಆಕಾಶಕ್ಕೆ ಅಷ್ಟು ಹತ್ತಿರ. ಸಮುದ್ರ ಮಟ್ಟದಿಂದ ಸುಮಾರು 2,040 ಮೀಟರ್ ಮೇಲಿರುವ ಇದು ಫ್ರಾನ್ಸಿನ ಅತಿ ಎತ್ತರದ ಹಳ್ಳಿ. ಜನಸಂಖ್ಯೆ ಸುಮಾರು 200. ವರ್ಷದ ಅರ್ಧದಷ್ಟು ಕಾಲ ನೆಲದ ಮೇಲೆ ಹಿಮ. ಇಂಥ ಕಡೆ ತಲೆಮಾರುಗಳ ಕಾಲ ಮನುಷ್ಯ ಬಾಳಿದ್ದು ಒಂಟಿ ಧೈರ್ಯದಿಂದಲ್ಲ. ಒಲೆ, ನೀರು, ತೆರಿಗೆ ಎಲ್ಲವನ್ನೂ ಹಂಚಿಕೊಂಡದ್ದರಿಂದ.

ಬಿಸಿಲ ಮಗ್ಗುಲು

ಫ್ರಾನ್ಸಿನ ಆಗ್ನೇಯ ಅಂಚಿನಲ್ಲಿ, ಇಟಲಿಯ ಗಡಿಗೆ ಅಂಟಿಕೊಂಡಂತೆ ಕೇರಾ ಎಂಬ ಕಣಿವೆ ನಾಡು ಇದೆ. ಗಡಿಯಾಚೆ 3,841 ಮೀಟರ್ ಎತ್ತರದ ವಿಸೋ ಶಿಖರ. ಗೀಲ್ ನದಿ ಹರಿಯುವ ಈ ನಾಡಿನ ಒಂದು ಪಕ್ಕದ ಕಣಿವೆಯಲ್ಲಿ, ಬಿಸಿಲು ಚೆನ್ನಾಗಿ ಬೀಳುವ ಇಳಿಜಾರಿನ ಮೇಲೆ ಊರು ಉದ್ದಕ್ಕೆ ಹರಡಿಕೊಂಡಿದೆ. ಎದುರಿನ ನೆರಳು ಮಗ್ಗುಲನ್ನು ಕಾಡಿಗೆ ಬಿಟ್ಟು, ಬಿಸಿಲಿನ ಮಗ್ಗುಲನ್ನು ಮನೆಗೂ ಹೊಲಕ್ಕೂ ಇಟ್ಟುಕೊಂಡರು. ಬಿಸಿಲು ಇಲ್ಲಿಯ ದೊಡ್ಡ ಸಂಪತ್ತು. ಮನೆಗಳ ಸುಣ್ಣದ ಗೋಡೆಗಳ ಮೇಲೆ ಬಣ್ಣಬಣ್ಣದ ನೆರಳು ಗಡಿಯಾರಗಳಿವೆ. 19ನೇ ಶತಮಾನದಲ್ಲಿ ಇಟಲಿಯ ಪೀಡ್‌ಮಾಂಟ್ ಕಡೆಯ ಕಲಾವಿದ ಜಾರ್ಬುಲಾ ಈ ಸೀಮೆಯ ಊರೂರು ಸುತ್ತಿ ಇಂಥ ಗಡಿಯಾರಗಳನ್ನು ಬರೆದ.

ಊರಿಗೆ ಹೆಸರು ಬಂದದ್ದು 6ನೇ ಶತಮಾನದ ಬಿಷಪ್ ಸಂತ ವೆರಾನನಿಂದ. ಆತ ಪ್ರೊವಾನ್ಸಿನಲ್ಲಿ ಒಂದು ಘಟಸರ್ಪವನ್ನು ಗಾಯಗೊಳಿಸಿದನಂತೆ, ಅದು ರಕ್ತ ಸುರಿಸುತ್ತ ಆಲ್ಪ್ಸ್‌ನತ್ತ ಹಾರಿ ಬಂದು ಇಲ್ಲಿ ಪ್ರಾಣ ಬಿಟ್ಟಿತಂತೆ. ಆದರೆ ಮನುಷ್ಯರು ಸಂತನಿಗಿಂತ ಬಹಳ ಮೊದಲೇ ಈ ಎತ್ತರಕ್ಕೆ ಹತ್ತಿದ್ದರು. ಊರಿಗಿಂತ ಮೇಲಿನ ಬೆಟ್ಟದಲ್ಲಿ ಕಂಚಿನ ಯುಗದ ತಾಮ್ರದ ಗಣಿ ಇದೆ. ಸುಮಾರು 4,000 ವರ್ಷಗಳ ಹಿಂದೆಯೇ ಅಲ್ಲಿ ಅದಿರು ತೆಗೆದಿದ್ದಾರೆ.

ದನದ ಉಸಿರೇ ಬೆಂಕಿ

ಇಲ್ಲಿಯ ಹಳೆಯ ಮನೆಯೊಂದರ ಮುಂದೆ ನಿಂತು ನೋಡಿ. ಕೆಳಗೆ ದಪ್ಪ ಕಲ್ಲುಗೋಡೆಯ ಒಂದು ಅಂತಸ್ತು. ಅದರ ಮೇಲೆ ಲಾರ್ಚ್ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ಕಟ್ಟಿದ ಎತ್ತರದ ಅಟ್ಟ. ಬಿಸಿಲಿಗೂ ಗಾಳಿಗೂ ಮಾಗಿ ಆ ಮರ ಕಪ್ಪು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿದೆ. ಅಟ್ಟದ ಮುಂದೆ ಸಾಲುಸಾಲು ಮರದ ಬಾಲ್ಕನಿಗಳು. ಅವು ಕೂತು ನೋಟ ಸವಿಯಲು ಕಟ್ಟಿದವಲ್ಲ. ಬೇಸಿಗೆ ಚಿಕ್ಕದಾದ್ದರಿಂದ ರೈ ಪೈರು ಹೊಲದಲ್ಲಿ ಪೂರ್ತಿ ಮಾಗುತ್ತಿರಲಿಲ್ಲ. ಹಿಮ ಬೀಳುವ ಮೊದಲೇ ಕೊಯ್ದು, ಸಿವುಡು ಕಟ್ಟಿ, ಬಾಲ್ಕನಿಯಲ್ಲಿ ಬಿಸಿಲಿಗೆ ಇಟ್ಟು ಮಾಗಿಸುತ್ತಿದ್ದರು.

ಅಟ್ಟದ ತುಂಬ ಚಳಿಗಾಲಕ್ಕೆ ಕೂಡಿಟ್ಟ ಒಣಹುಲ್ಲು. ಅದು ದನಕ್ಕೆ ಮೇವು, ಕೆಳಗಿನ ಕೋಣೆಗೆ ಬೆಚ್ಚನೆಯ ಹೊದಿಕೆ. ಕಲ್ಲಿನ ಕೋಣೆಯಲ್ಲಿ ಮನೆಮಂದಿ, ಹಸು, ಕುರಿ ಎಲ್ಲ ಒಟ್ಟಿಗೆ. ದನಗಳ ಮೈಶಾಖವೇ ಚಳಿ ಕಾಯುವ ಬೆಂಕಿ. ಹೀಗೆ 1976ರವರೆಗೂ ದನಗಳ ಜತೆ ಬಾಳುವೆ ನಡೆದ ಮನೆಯೊಂದು ಈಗ ವಸ್ತುಸಂಗ್ರಹಾಲಯವಾಗಿದೆ. ಬಿಡದೆ ಹಿಮ ಸುರಿಯುವ ದಿನಗಳಲ್ಲಿ ಗಂಡಸರು ಮರದ ಪೆಟ್ಟಿಗೆಗಳ ಮೇಲೆ ಹೂಚಕ್ರಗಳನ್ನು ಕೆತ್ತುತ್ತಿದ್ದರು. ಆ ಕೆತ್ತನೆಗೆ ಕೇರಾ ನಾಡು ಇಂದಿಗೂ ಹೆಸರುವಾಸಿ.

ಮರ ಮತ್ತು ಒಣಹುಲ್ಲಿನ ಊರಿಗೆ ಬೆಂಕಿಯೇ ದೊಡ್ಡ ಶತ್ರು. ಅದಕ್ಕೆಂದೇ ಊರನ್ನು ಕೇರಿಗಳಾಗಿ ಒಡೆದು, ನಡುನಡುವೆ ಖಾಲಿ ಜಾಗ ಬಿಟ್ಟರು. ಒಂದು ಕೇರಿ ಹೊತ್ತಿಕೊಂಡರೂ ಇನ್ನೊಂದು ಉಳಿಯಬೇಕು. ಕೇರಿಯವರಿಗೆ ಮರದ ತೊಟ್ಟಿಯ ನೀರು, ಸಾಮೂಹಿಕ ರೊಟ್ಟಿ ಒಲೆ. ಸೌದೆ ಉಳಿಸಲು ವರ್ಷದಲ್ಲಿ ಬೆರಳೆಣಿಕೆಯ ಬಾರಿ ಮಾತ್ರ ಒಲೆ ಹೊತ್ತಿಸಿ, ಎಲ್ಲರೂ ತಿಂಗಳುಗಟ್ಟಲೆ ಸಾಲುವಷ್ಟು ರೈ ರೊಟ್ಟಿ ಸುಟ್ಟುಕೊಳ್ಳುತ್ತಿದ್ದರು.

ಹಣ ಕೊಟ್ಟು ಪಡೆದ ಸ್ವಾತಂತ್ರ್ಯ

ಈ ಹಂಚಿಕೊಳ್ಳುವ ಬುದ್ಧಿ ಆಡಳಿತಕ್ಕೂ ಬಂತು. 1343ರಲ್ಲಿ ಈ ಸೀಮೆಯ ಒಡೆಯ ಎರಡನೇ ಉಂಬೇರ್ ಹಣದ ಮುಗ್ಗಟ್ಟಿನಲ್ಲಿದ್ದ. ಬ್ರಿಯಾನ್ಸೋನ್ ಪಟ್ಟಣದ ಸುತ್ತಲಿನ ಬೆಟ್ಟದ ಜನ ಅವನಿಗೆ ಹಣ ಕೊಟ್ಟು ಸನ್ನದು ಬರೆಸಿಕೊಂಡರು. ಬಿಟ್ಟಿ ಸೇವೆಯ ಹಂಗು ತಪ್ಪಿತು. ತಮ್ಮ ಮುಖಂಡರನ್ನು ತಾವೇ ಆರಿಸುವ, ತೆರಿಗೆಯನ್ನು ತಮ್ಮೊಳಗೆ ತಾವೇ ಹಂಚಿಕೊಳ್ಳುವ ಹಕ್ಕು ಸಿಕ್ಕಿತು. ಆ ಹಂಚಿಕೆಯಿಂದಲೇ ಎಸ್ಕಾರ್ತೋನ್ ಎಂಬ ಹೆಸರು ಬಂತು. ಇಂಥ ಐದು ಎಸ್ಕಾರ್ತೋನ್‌ಗಳಲ್ಲಿ ಕೇರಾ ಒಂದು, ಅದರ ಏಳು ಊರುಗಳಲ್ಲಿ ಸೇಂ-ವೆರಾನ್ ಒಂದು. 1713ರ ಉಟ್ರೆಕ್ಟ್ ಒಪ್ಪಂದ ಐದರಲ್ಲಿ ಮೂರನ್ನು ಸವಾಯ್ ಅರಸರಿಗೆ ಕೊಟ್ಟು ನೆರೆಹೊರೆಯನ್ನು ಗಡಿ ಎಳೆದು ಸೀಳಿತು. ಉಳಿದ ವ್ಯವಸ್ಥೆ ಫ್ರೆಂಚ್ ಕ್ರಾಂತಿಯ ಕಾಲಕ್ಕೆ ಕೊನೆಗೊಂಡಿತು.

ಲೆಕ್ಕಪತ್ರ ತಾವೇ ನೋಡಿಕೊಳ್ಳುವ ಜನಕ್ಕೆ ಅಕ್ಷರ ಬೇಕೇ ಬೇಕು. ಹಿಮ ಬಿದ್ದು ಹೊಲದ ಕೆಲಸ ನಿಂತಾಗ ಮಕ್ಕಳು ಪಾಠಕ್ಕೆ ಕೂರುತ್ತಿದ್ದರು. ಇಲ್ಲಿಯ ಯುವಕರು ಮೇಷ್ಟ್ರ ಕೆಲಸ ಹುಡುಕಿ ಕೆಳಗಿನ ಸಂತೆಗಳಿಗೆ ಇಳಿಯುತ್ತಿದ್ದರು. ಟೋಪಿಯಲ್ಲಿ ಒಂದು ಗರಿಯಿದ್ದರೆ ಓದು ಬರಹ ಕಲಿಸುವವರು, ಎರಡಿದ್ದರೆ ಲೆಕ್ಕವನ್ನೂ ಬಲ್ಲವರು, ಮೂರಿದ್ದರೆ ಲ್ಯಾಟಿನ್ ಕೂಡ ಬಲ್ಲವರು.

ಇಂದಿನ ಊರು

1977ರಲ್ಲಿ ಕೇರಾ ಪ್ರಾದೇಶಿಕ ನಿಸರ್ಗ ಉದ್ಯಾನ ಸ್ಥಾಪನೆಯಾಯಿತು. ಈಗ ಚಳಿಗಾಲದಲ್ಲಿ ಸ್ಕೀ ಆಡುವವರು, ಬೇಸಿಗೆಯಲ್ಲಿ ಚಾರಣಿಗರು ಬರುತ್ತಾರೆ. ಊರ ಮೇಲಿನ ಬೆಟ್ಟದಲ್ಲಿ, 2,900 ಮೀಟರಿಗೂ ಎತ್ತರದಲ್ಲಿ ಖಗೋಳ ವೀಕ್ಷಣಾಲಯವಿದೆ. ಕತ್ತಲು ಅಷ್ಟು ದಟ್ಟ, ಗಾಳಿ ಅಷ್ಟು ತಿಳಿ.

ಆಲ್ಪ್ಸ್‌ಗೆ ಹೋಗುವವರು ಹಿಮಶಿಖರಗಳನ್ನಷ್ಟೇ ನೋಡಿ ಮರಳಬಾರದು. ಪ್ರವಾಸಿಗರ ಕಾರುಗಳನ್ನು ಸೇಂ-ವೆರಾನಿನ ಬಾಗಿಲಲ್ಲೇ ನಿಲ್ಲಿಸಬೇಕು. ಅಲ್ಲಿಂದ ಮುಂದೆ ಕೇರಿಯಿಂದ ಕೇರಿಗೆ ನಡೆಯಿರಿ. ನಡುವಿನ ಖಾಲಿ ಜಾಗಗಳಲ್ಲಿ ಒಂದು ಗಳಿಗೆ ನಿಲ್ಲಿ. ಪಕ್ಕದವರ ಮನೆಯಾದರೂ ಉಳಿಯಲಿ ಎಂದು ಹಿರಿಯರು ಬಿಟ್ಟ ಜಾಗ ಅದು.